ಕೈ ಬಿಗಿದರೆ ಕೈ ಚೆಲ್ಲಬೇಡಿ



ಇವತ್ತು ನಾವು ನಮ್ಮ ಕೈಗಳ ಬಗ್ಗೆ ಮಾತಾಡೋಣ.

ಬೆಳಗಾದರೆ ಕೈಗೆ ಕೆಲಸ. ಕಸ ಹೊಡೆಯಬೇಕು. ನೀರು ತರಬೇಕು. ಜೋಳದ ಹಿಟ್ಟು ನಾದಬೇಕು. ರೊಟ್ಟಿ ಬಡಿಯಬೇಕು. ಬಟ್ಟೆ ಒಗೆದು ಹಿಂಡಬೇಕು. ಇಷ್ಟಾದ ಮೇಲೆ ಕೂಲಿ ಕೆಲಸ.

ಸೇಡಂ, ಚಿತ್ತಾಪುರದ ಕಡೆ ತೊಗರಿ ಹೊಲ. ಡಿಸೆಂಬರ್, ಜನವರಿ ಬಂತೆಂದರೆ ಕುಡುಗೋಲು ಹಿಡಿದು ದಿನವಿಡೀ ಕೊಯ್ಲು. ಶಹಾಬಾದಿನ ಕಡೆ ಫರ್ಸಿ ಕಲ್ಲು. ಕಲ್ಲು ಎತ್ತುವುದು, ಇಳಿಸುವುದು, ಒತ್ತಟ್ಟಿಗೆ ಇಡುವುದು. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ. ಚಿಂಚೋಳಿಯ ತಾಂಡಾಗಳಲ್ಲಿ ಸೌದೆಯ ಹೊರೆ. ಇನ್ನು ಎಷ್ಟೋ ಮಂದಿ ಬೊಂಬಾಯಿ, ಪುಣೆ, ಹೈದರಾಬಾದಿಗೆ ಹೋಗಿ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು ಬಂದವರು ಇದ್ದಾರೆ.

2019ರಲ್ಲಿ ನಮ್ಮ ಕಲಬುರಗಿ ಸೀಮೆಯ ತೊಗರಿಬೇಳೆಗೆ ಸರಕಾರದ ಜಿಐ ಗುರುತು ಸಿಕ್ಕಿತು. ಜಿಐ ಅಂದರೆ, ಈ ಬೇಳೆ ಈ ಮಣ್ಣಿನದೇ ಎಂಬ ಗುರುತು. ಬೇಳೆಗೆ ಹೆಸರು ಬಂತು. ಸಂತೋಷ. ಆದರೆ ಆ ತೊಗರಿ ಕೊಯ್ದ ಕೈಗಳ ಗತಿ ಏನು? ಅದನ್ನು ಕೇಳುವವರು ಕಡಿಮೆ. ಅದಕ್ಕೆ ನಾವೇ ಕೇಳಿಕೊಳ್ಳೋಣ.

"ಕೈ ಮ್ಯಾಲ ಹೋಗಲ್ಲರಿ. ತುರುಬು ಕಟ್ಟಿಕೊಳ್ಳಾಕ ಬರಲ್ಲರಿ."

"ಮುಂಜಾನಿ ಎದ್ರ ಬೆರಳು ಮಡಚಾಕ ಬರಲ್ಲ. ಬಿಸಿನೀರಾಗ ಇಟ್ಟ ಮ್ಯಾಲ ಸಡ್ಲ ಆಗ್ತಾವ."

"ಕುಪ್ಪಸ ತೊಡಾಕ ಮಗಳನ್ನ ಕರೀಬೇಕು ನೋಡ್ರಿ."

ಇಂಥ ಮಾತು ಪ್ರತಿ ಓಣಿಯಲ್ಲೂ ಕೇಳುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. "ವಯಸ್ಸಾತು, ವಾಯಿ ಆಗ್ಯಾದ, ಇನ್ನೇನ್ ಮಾಡದದ?"

ಮಾಡುವುದು ಬಹಳ ಇದೆ. ಕೈ ಬಿಗಿಯುವುದಕ್ಕೆ ಒಂದೇ ಕಾರಣ ಇಲ್ಲ, ಹತ್ತಾರು ಇವೆ. ಒಂದೊಂದಕ್ಕೂ ಒಂದೊಂದು ಮದ್ದು. ಎಲ್ಲವನ್ನೂ ವಾಯಿ ಎಂದು ಒಂದೇ ಚೀಲಕ್ಕೆ ಹಾಕಿದರೆ, ಗುಣವಾಗುವ ಕೈಯೂ ಗುಣವಾಗದೆ ಉಳಿಯುತ್ತದೆ.

ಕೀಲು ಅಂದರೆ ಏನು?

ಬಾಗಿಲಿಗೆ ಬಿಜಾಗರಿ ಇದೆಯಲ್ಲ, ಹಾಗೆ ನಮ್ಮ ಮೈಗೆ ಕೀಲು. ಎರಡು ಎಲುಬು ಕೂಡುವ ಜಾಗ ಅದು.

ಕೈಯಲ್ಲಿ ಹೆಗಲು, ಮೊಣಕೈ, ಮಣಿಕಟ್ಟು, ಬೆರಳು ಎಲ್ಲಕ್ಕೂ ಕೀಲು ಇವೆ. ಮೊಣಕೈ ಬಾಗಿಲಿನ ಹಾಗೆ ಮಡಚುತ್ತದೆ, ತೆರೆಯುತ್ತದೆ. ಹೆಗಲು ಹಾಗಲ್ಲ. ಅದು ಒಳ್ಳಿನಲ್ಲಿ ಗುಂಡುಕಲ್ಲು ತಿರುಗಿದ ಹಾಗೆ ಎಲ್ಲಾ ಕಡೆಗೂ ತಿರುಗುತ್ತದೆ.

ಎಲುಬಿನ ತುದಿಗೆ ನುಣುಪಾದ ಮೆದು ಎಲುಬಿನ ಹೊದಿಕೆ ಇರುತ್ತದೆ. ಕೀಲಿನ ಸುತ್ತ ತೆಳುವಾದ ಚೀಲ ಇರುತ್ತದೆ. ಚೀಲದೊಳಗೆ ಎಣ್ಣೆಯಂಥ ಜಾರುನೀರು ಇರುತ್ತದೆ. ಹೊರಗಡೆ ಸ್ನಾಯು ಮತ್ತು ನಾರು ಕೀಲನ್ನು ಎಳೆದು ಆಡಿಸುತ್ತವೆ.

ಇವುಗಳಲ್ಲಿ ಯಾವುದು ಕೆಟ್ಟರೂ ಕೈ ಬಿಗಿಯಬಹುದು. ಯಾವುದು ಕೆಟ್ಟಿದೆ ಎಂದು ತಿಳಿಯುವುದೇ ಮೊದಲ ಕೆಲಸ.

ಮನೆಯಲ್ಲೇ ನೋಡಿಕೊಳ್ಳುವ ಬಗೆ

ಡಾಕ್ಟರ ಹತ್ತಿರ ಹೋಗುವ ಮೊದಲು ನೀವೇ ನಾಲ್ಕು ವಿಷಯ ನೋಡಿಕೊಳ್ಳಿ. ಆಗ ಅವರು ಕೇಳಿದ್ದಕ್ಕೆ ಸರಿಯಾಗಿ ಹೇಳಬಹುದು.

ಒಂದು. ಕೈಯನ್ನು ನೀವೇ ಮೇಲೆ ಎತ್ತಿ ನೋಡಿ. ಆಗದಿದ್ದರೆ ಮನೆಯವರಿಗೆ ಮೆಲ್ಲಗೆ ಎತ್ತಲು ಹೇಳಿ. ಅವರು ಎತ್ತಿದಾಗ ಕೈ ಮೇಲೆ ಹೋದರೆ ಕೀಲು ಬಿಗಿದಿಲ್ಲ. ಸ್ನಾಯುವಿಗೆ ಅಥವಾ ನಾರಿಗೆ ಪೆಟ್ಟಾಗಿರಬಹುದು, ಇಲ್ಲವೆ ನರದ ತೊಂದರೆ ಇರಬಹುದು. ಅವರು ಎತ್ತಿದರೂ ಹೋಗದಿದ್ದರೆ ಕೀಲೇ ಬಿಗಿದಿರಬಹುದು. ಜೋರು ಮಾಡಿ ಎತ್ತಬಾರದು.

ಎರಡು. ಯಾವ ಹೊತ್ತಿನಲ್ಲಿ ಬಿಗಿತ ಹೆಚ್ಚು? ಮುಂಜಾನೆ ಎದ್ದ ಮೇಲೆ ಎಷ್ಟು ಹೊತ್ತು ಇರುತ್ತದೆ? ಹತ್ತು ನಿಮಿಷವೋ, ಒಂದು ತಾಸೋ? ಈ ಲೆಕ್ಕ ಬಹಳ ಮುಖ್ಯ.

ಮೂರು. ಒಂದೇ ಕೈಯೋ, ಎರಡೂ ಕೈಯೋ? ಬಾವು ಇದೆಯೋ? ಕೀಲು ಮುಟ್ಟಿದರೆ ಬಿಸಿ ಇದೆಯೋ?

ನಾಲ್ಕು. ಎರಡೂ ಕೈ ಜೋಡಿಸಿ ಶರಣು ಮಾಡಿ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ಪೂರ್ತಿ ತಾಗುತ್ತವೆಯೋ? ನಡುವೆ ಸಂದು ಉಳಿದರೆ ಬೆರಳಿನ ಕೀಲುಗಳು ಬಿಗಿದಿವೆ ಎಂದು ಅರ್ಥ. ಬಹಳ ದಿನದ ಸಕ್ಕರೆ ಬ್ಯಾನಿ ಇದ್ದವರಲ್ಲಿ ಹೀಗೆ ಆಗುವುದುಂಟು.

ಹೆಗಲು ಕಟ್ಟಿಕೊಳ್ಳುವುದು

ಸಾಮಾನ್ಯವಾಗಿ 40ರಿಂದ 60 ವರ್ಷದವರಲ್ಲಿ ಇದು ಕಾಣುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಡಾಕ್ಟರರು ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ಹೆಪ್ಪುಗಟ್ಟಿದ ಹೆಗಲು ಎಂದು ಅದರ ಅರ್ಥ.

ಹಸಿ ಚರ್ಮ ಒಣಗಿದರೆ ಹೇಗೆ ಮುದುಡುತ್ತದೆ, ಗಟ್ಟಿಯಾಗುತ್ತದೆ, ನೋಡಿದ್ದೀರಿ. ಹೆಗಲ ಕೀಲಿನ ಸುತ್ತಲಿನ ಚೀಲ ಹಾಗೆಯೇ ದಪ್ಪವಾಗಿ ಮುದುಡಿಕೊಳ್ಳುತ್ತದೆ. ಆಗ ಕೈ ಮೇಲೆ ಹೋಗುವುದಿಲ್ಲ. ಬೆನ್ನ ಹಿಂದೆಯೂ ಹೋಗುವುದಿಲ್ಲ.

ಇದಕ್ಕೆ ಮೂರು ಹಂತ. ಮೊದಲ ಹಂತದಲ್ಲಿ ನೋವು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಎರಡನೇ ಹಂತದಲ್ಲಿ ನೋವು ಕಡಿಮೆಯಾಗುತ್ತದೆ, ಬಿಗಿತ ಹೆಚ್ಚುತ್ತದೆ. ಮೂರನೇ ಹಂತದಲ್ಲಿ ಮೆಲ್ಲಮೆಲ್ಲಗೆ ಸಡಿಲ ಆಗುತ್ತದೆ. ಎಲ್ಲಾ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು.

"ತಾನೇ ಸಡ್ಲ ಆಗ್ತದಲ್ಲ, ಮತ್ಯಾಕ ದವಾಖಾನಿ?" ಎಂದು ಕೇಳಬಹುದು.

ಎರಡು ಕಾರಣಕ್ಕೆ ಹೋಗಬೇಕು. ಮೊದಲನೆಯದು, ಕೂಲಿ ಮಾಡುವ ಹೆಂಗಸಿಗೆ ಮೂರು ವರ್ಷ ಅಂದರೆ ಸಣ್ಣ ಮಾತಲ್ಲ. ಮದ್ದು, ವ್ಯಾಯಾಮ ಸಿಕ್ಕರೆ ನೋವು ಕಡಿಮೆ ಆಗುತ್ತದೆ, ಕೈ ಬೇಗ ಕೆಲಸಕ್ಕೆ ಬರುತ್ತದೆ. ಸುಮ್ಮನೆ ಬಿಟ್ಟವರಲ್ಲಿ ಕೆಲವರಿಗೆ ಸ್ವಲ್ಪ ಬಿಗಿತ ಕಡೆಯವರೆಗೂ ಉಳಿದುಬಿಡುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಸಕ್ಕರೆ ಬ್ಯಾನಿ ಇದ್ದವರಿಗೆ ಹೆಗಲು ಕಟ್ಟುವುದು ಬಹಳ ಹೆಚ್ಚು. ಎಷ್ಟೋ ಮಂದಿಗೆ ತಮಗೆ ಸಕ್ಕರೆ ಬ್ಯಾನಿ ಇದೆ ಎಂಬುದೇ ಗೊತ್ತಿರುವುದಿಲ್ಲ. ಹೆಗಲು ತೋರಿಸಲು ಹೋದಾಗ ರಕ್ತ ನೋಡುತ್ತಾರೆ, ಆಗ ತಿಳಿಯುತ್ತದೆ. ಹಾಗೆ ತಿಳಿದದ್ದರಿಂದ ಕಣ್ಣು, ಮೂತ್ರಪಿಂಡ, ಕಾಲು ಉಳಿಯುತ್ತವೆ. ಆ ಲೆಕ್ಕದಲ್ಲಿ ಹೆಗಲ ನೋವು ನಮಗೆ ಕೊಟ್ಟ ಎಚ್ಚರಿಕೆ ಅದು. ಥೈರಾಯಿಡ್ ಗ್ರಂಥಿಯ ತೊಂದರೆ ಇದ್ದವರಲ್ಲೂ ಹೆಗಲು ಕಟ್ಟುವುದು ಹೆಚ್ಚು.

ರಕ್ತದ ಚೀಟಿ ಕೊಟ್ಟಾಗ ಅಂಕಿ ನೀವೇ ಓದಿ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸಕ್ಕರೆ ಬ್ಯಾನಿ. ಅದನ್ನು ಇನ್ನೊಂದು ಸಲ ನೋಡಿ ಖಾತ್ರಿ ಮಾಡುತ್ತಾರೆ. ನಡುವೆ ಇದ್ದರೆ ಎಚ್ಚರಿಕೆ ಬೇಕು. ಅಂಕಿ ಕಲಿತದ್ದು ಇಂಥ ಕೆಲಸಕ್ಕೇ ಅಲ್ಲವೇ?

ಬಹಳ ನೋವಿದ್ದರೆ ಡಾಕ್ಟರರು ಕೀಲಿಗೇ ಸೂಜಿ ಕೊಡಬಹುದು. ಅದು ತಿಳಿದವರು ಕೊಡುವ ಸೂಜಿ. ಸಕ್ಕರೆ ಬ್ಯಾನಿ ಇದ್ದವರಿಗೆ ಅದಾದ ಮೇಲೆ ಕೆಲವು ದಿನ ರಕ್ತದಲ್ಲಿ ಸಕ್ಕರೆ ಏರಬಹುದು. ಆದ್ದರಿಂದ ಮೊದಲೇ ಹೇಳಬೇಕು.

ಮೊಣಕೈ

ಬಟ್ಟೆ ಹಿಂಡುವಾಗ, ಕೊಡ ಎತ್ತುವಾಗ ಮೊಣಕೈಯ ಹೊರಬದಿಗೆ ಚಳಕು ಹೊಡೆದರೆ, ಅದು ನಾರಿನ ತೊಂದರೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ಬರುತ್ತದೆ. ಆ ಕೆಲಸ ಕಡಿಮೆ ಮಾಡಿ, ವ್ಯಾಯಾಮ ಮಾಡಿದರೆ ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಗುಣವಾಗುತ್ತದೆ.

ಮೊಣಕೈ ಪೂರ್ತಿ ಬಿಗಿಯುವುದು ಹೆಚ್ಚಾಗಿ ಪೆಟ್ಟು ಬಿದ್ದ ಮೇಲೆ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಮಗು ಬಿದ್ದು ಮೊಣಕೈ ಬಾತಿದರೆ ತಿಕ್ಕಬೇಡಿ. ಎಳೆಯಬೇಡಿ. ಪೆಟ್ಟಾದ ಮೊಣಕೈಯನ್ನು ಜೋರಾಗಿ ತಿಕ್ಕಿದರೆ ಸ್ನಾಯುವಿನೊಳಗೆ ಎಲುಬು ಬೆಳೆದು ಕೈ ಕಟ್ಟಿಹೋಗಬಹುದು. ಬಿದಿರ ಚಕ್ಕೆ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತ ಓಡುವುದು ನಿಲ್ಲಬಹುದು. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ, ಬೆರಳು ನೆಟ್ಟಗೆ ಮಾಡಿದಾಗ ಮಗು ಚೀರಿದರೆ, ತಡಮಾಡಬೇಡಿ. ಕಟ್ಟು ಬಿಚ್ಚಿಸಿ. ತಾಸುಗಳ ಲೆಕ್ಕದಲ್ಲಿ ಕೈ ಉಳಿಯುತ್ತದೆ ಇಲ್ಲವೆ ಹೋಗುತ್ತದೆ. ಮೊದಲು ಎಕ್ಸರೇ, ಆಮೇಲೆ ಕಟ್ಟು.

ಬೆರಳು ಮತ್ತು ಮಣಿಕಟ್ಟು

ಮುಂಜಾನೆ ಎದ್ದಾಗ ಎರಡೂ ಕೈಯ ಬೆರಳು ಬಿಗಿದಿರುತ್ತವೆ. ಒಂದು ತಾಸಾದರೂ ಸಡಿಲ ಆಗುವುದಿಲ್ಲ. ಬೆರಳಿನ ಗೆಣ್ಣು, ಮಣಿಕಟ್ಟು ಬಾತಿವೆ. ಹೀಗೆ ಆರು ವಾರ ಆಗಿದೆ. ಹಾಗಿದ್ದರೆ ಅದು ರುಮಟಾಯಿಡ್ ಸಂಧಿವಾತ ಇರಬಹುದು.

ನಮ್ಮ ಮೈಯಲ್ಲಿ ರೋಗದ ಜೊತೆ ಹೋರಾಡುವ ಶಕ್ತಿ ಇದೆ. ಅದೇ ಶಕ್ತಿ ದಾರಿ ತಪ್ಪಿ ನಮ್ಮ ಕೀಲುಗಳನ್ನೇ ತಿನ್ನತೊಡಗುವ ಬ್ಯಾನಿ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುದುಕಿಯರಿಗೇ ಬರಬೇಕೆಂದಿಲ್ಲ. ಮೂವತ್ತು ವರ್ಷದ ಬಾಣಂತಿಗೂ ಬರಬಹುದು. ಆಗ ಮನೆಯಲ್ಲಿ "ಬಾಣಂತನದಾಗ ತಣ್ಣೀರ ಮುಟ್ಯಾಳ" ಎಂದು ಅವಳನ್ನೇ ಬೈಯುತ್ತಾರೆ. ಅವಳ ತಪ್ಪು ಏನೂ ಇಲ್ಲ.

ಇದಕ್ಕೆ ಒಳ್ಳೆಯ ಮದ್ದು ಇದೆ. ಮೊದಲ ಕೆಲವು ತಿಂಗಳಲ್ಲೇ ಸುರು ಮಾಡಿದರೆ ಬೆರಳು ಸೊಟ್ಟ ಆಗುವುದನ್ನು ತಡೆಯಬಹುದು. ಸೊಟ್ಟ ಆದ ಮೇಲೆ ಗುಳಿಗೆಯಿಂದ ನೆಟ್ಟಗೆ ಆಗುವುದಿಲ್ಲ. ಆದ್ದರಿಂದ ಬೇಗ ಹೋಗಬೇಕು.

ಈ ಬ್ಯಾನಿಗೆ ಕೊಡುವ ಒಂದು ಮುಖ್ಯ ಗುಳಿಗೆಯ ಹೆಸರು ಮೆಥೋಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾಲೂ ನುಂಗಿದರೆ ಜೀವಕ್ಕೇ ಅಪಾಯ. ಚೀಟಿಯಲ್ಲಿ "ವಾರಕ್ಕೆ ಒಮ್ಮೆ" ಎಂದು ಬರೆಸಿಕೊಳ್ಳಿ. ಯಾವ ವಾರ ಎಂದು ಕೇಳಿ. ಸೋಮವಾರ ಎಂದರೆ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೆ ಗುರುತು ಹಾಕಿ. ಬಸಿರಿಯರು, ಮಗು ಬೇಕೆನ್ನುವವರು ಇದನ್ನು ತೆಗೆದುಕೊಳ್ಳಬಾರದು. ಡಾಕ್ಟರಿಗೆ ಮೊದಲೇ ಹೇಳಿದರೆ ಬೇರೆ ಮದ್ದು ಕೊಡುತ್ತಾರೆ. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನು ಕೆಲವರಿಗೆ ಬೆರಳು ಮಡಚಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟಕ್ ಎಂದು ಬಿಡುತ್ತದೆ. ಅದು ಬೆರಳಿನ ನಾರು ಸಿಕ್ಕಿಕೊಳ್ಳುವುದು. ಕೆಲವರಿಗೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಎದ್ದು ಕೈ ಜಾಡಿಸಬೇಕಾಗುತ್ತದೆ. ಅದು ಮಣಿಕಟ್ಟಿನಲ್ಲಿ ನರ ಅಮುಕಿದ್ದು. ಎರಡಕ್ಕೂ ಉಪಚಾರ ಇದೆ.

ಒಂದು ಬಿಗಿತದಲ್ಲಿ ನೋವೇ ಇರುವುದಿಲ್ಲ. ಕಿರುಬೆರಳು, ಉಂಗುರ ಬೆರಳು ಮಡಚಿಕೊಳ್ಳುತ್ತವೆ. ಒಲೆಯ ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಮೈಮೇಲೆ ಸ್ಪರ್ಶ ಇಲ್ಲದ ತಿಳಿಬಣ್ಣದ ಮಚ್ಚೆ ಇರಬಹುದು. ಇದು ಕುಷ್ಠರೋಗ ಇರಬಹುದು. ಹೆದರಬೇಡಿ. ಮುಚ್ಚಿಡಬೇಡಿ. ಸರಕಾರಿ ದವಾಖಾನೆಯಲ್ಲಿ ಮದ್ದು ಪುಕ್ಕಟೆ. ಆರು ತಿಂಗಳು ಇಲ್ಲವೆ ಒಂದು ವರ್ಷ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಬೇಗ ಹೋದರೆ ಬೆರಳೂ ಉಳಿಯುತ್ತವೆ.

ಸೊಳ್ಳೆಯಿಂದ, ನೀರಿನಿಂದ

2006ರ ನೆನಪು ನಿಮಗಿರಬಹುದು. ಊರಿಗೆ ಊರೇ ಜ್ವರ ಹಿಡಿದು ಮಲಗಿತ್ತು. ಕೈಕಾಲಿನ ಕೀಲು ಹಿಡಿದುಕೊಂಡು, ಎದ್ದವರು ಬಗ್ಗಿಕೊಂಡೇ ನಡೆಯುತ್ತಿದ್ದರು. ನಮ್ಮ ಜಿಲ್ಲೆಯಲ್ಲೂ ಬಂತು, ಆಂಧ್ರ, ಮಹಾರಾಷ್ಟ್ರದಲ್ಲೂ ಬಂತು. ಅದೇ ಚಿಕುನ್‌ಗುನ್ಯಾ. ಜನ "ಚಿಕನ್ ಗುನ್ಯಾ" ಎಂದು ಕೋಳಿ ತಿನ್ನುವುದನ್ನೇ ಬಿಟ್ಟರು. ಕೋಳಿಗೂ ಇದಕ್ಕೂ ಸಂಬಂಧ ಇಲ್ಲ. ಆಫ್ರಿಕಾ ಖಂಡದ ಟಾಂಜಾನಿಯಾದಲ್ಲಿ 1952ರಲ್ಲಿ ಈ ಜ್ವರವನ್ನು ಗುರುತಿಸಿದರು. ಅಲ್ಲಿಯ ಜನರ ಮಾತಿನಲ್ಲಿ ಆ ಹೆಸರಿನ ಅರ್ಥ, ಮೈ ಬಗ್ಗಿಸುವಂಥದ್ದು.

ಜ್ವರ ವಾರದಲ್ಲಿ ಹೋದರೂ ಕೀಲಿನ ಬಿಗಿತ ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಜ್ವರ ಇರುವಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ತಾವಾಗಿ ನುಂಗಬಾರದು. ಅದು ಡೆಂಗಿ ಆಗಿದ್ದರೆ ರಕ್ತ ಸೋರುವ ಅಪಾಯ ಇದೆ.

ಈ ಸೊಳ್ಳೆ ಹಗಲು ಕಚ್ಚುತ್ತದೆ. ಕೂಡಿಟ್ಟ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ಕಡೆ ನಳ ದಿನಾಲೂ ಬರುವುದಿಲ್ಲ. ಪೀಪಾಯಿ, ಹಂಡೆಯಲ್ಲಿ ನೀರು ತುಂಬಿಡುತ್ತೇವೆ. ಅವನ್ನು ಮುಚ್ಚಿಡಿ. ವಾರಕ್ಕೆ ಒಂದು ದಿನ ಖಾಲಿ ಮಾಡಿ, ತಿಕ್ಕಿ ತೊಳೆದು, ಒಣಗಿಸಿ ತುಂಬಿ.

ಇನ್ನೊಂದು ನೀರಿನ ಮಾತು. ನಮ್ಮ ಜಿಲ್ಲೆಯ ಕೆಲವು ಊರುಗಳ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಎಂಬ ಅಂಶ ಹೆಚ್ಚಿದೆ. ಒಂದು ಲೀಟರ್ ನೀರಿನಲ್ಲಿ ಅದು 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರು ಇಲ್ಲವೇ ಇಲ್ಲ ಎಂದರೂ 1.5 ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ದೊಡ್ಡವರ ಕತ್ತು, ಬೆನ್ನು, ಹೆಗಲು ಬಿಗಿಯುತ್ತವೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬಿಗಿದ ಎಲುಬನ್ನು ಮೊದಲಿನ ಹಾಗೆ ಮಾಡುವ ಗುಳಿಗೆಯೂ ಇಲ್ಲ. ನೀರು ಬದಲಿಸುವುದೇ ಉಪಾಯ. ಊರಿನಲ್ಲಿ ಹಲವರಿಗೆ ಹೀಗಿದ್ದರೆ, ಕುಡಿಯುವ ನೀರು ಪರೀಕ್ಷೆ ಮಾಡಿಸಿ ಎಂದು ಗ್ರಾಮ ಪಂಚಾಯತಿಗೆ ಅರ್ಜಿ ಬರೆಯಿರಿ. ನಾಲ್ಕು ಸಾಲು ಸಾಕು. ಕೆಳಗೆ ಎಲ್ಲರೂ ಸಹಿ ಮಾಡಿ. ಹೆಬ್ಬೆಟ್ಟು ಬೇಡ, ಸಹಿ ಮಾಡಿ.

ದಿಢೀರ್ ಗುಣ ಮಾಡುವ ಪುಡಿ

ಸಂತೆಯಲ್ಲಿ ಪುಡಿ ಮಾರುವವರು ಇರುತ್ತಾರೆ. "ಒಂದ್ ಪೊಟ್ಟಣ ತಗೋರಿ, ನಾಳಿಗೇ ಕೈ ಎತ್ತರಿ" ಎನ್ನುತ್ತಾರೆ. ಕೆಲವು ಪುಡಿಗಳಿಂದ ನಿಜಕ್ಕೂ ಮರುದಿನವೇ ಕೈ ಏಳುತ್ತದೆ. ಯಾಕೆ? ಎಷ್ಟೋ ಸಲ ಅದರೊಳಗೆ ಸ್ಟಿರಾಯ್ಡ್ ಬೆರೆಸಿರುತ್ತಾರೆ.

ಸ್ಟಿರಾಯ್ಡ್ ಕೆಟ್ಟ ಮದ್ದಲ್ಲ. ತಿಳಿದ ಡಾಕ್ಟರರು ಅಳತೆ ನೋಡಿ ಕೊಟ್ಟರೆ ಜೀವ ಉಳಿಸುತ್ತದೆ. ಅಳತೆ ಇಲ್ಲದೆ ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಸವೆದು ಮುರಿಯುತ್ತದೆ. ಒಮ್ಮೆಲೇ ಬಿಟ್ಟರೂ ಅಪಾಯ. ಈಗಾಗಲೇ ಬಹಳ ದಿನದಿಂದ ಇಂಥ ಪುಡಿ ತಿನ್ನುತ್ತಿದ್ದರೆ, ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಅಂಗಡಿಯ ನೋವಿನ ಗುಳಿಗೆಯೂ ಹಾಗೆಯೇ. ದಿನಾಲೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಕೈಗೆ ಬರೆ ಹಾಕಿಸುವುದರಿಂದ ಕೀಲು ಸಡಿಲ ಆಗುವುದಿಲ್ಲ. ಗಾಯ ಮಾತ್ರ ಆಗುತ್ತದೆ. ಸಕ್ಕರೆ ಇದ್ದವರಿಗೆ ಆ ಗಾಯ ಬೇಗ ಮಾಯುವುದಿಲ್ಲ.

ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ಹಿತ ಅನಿಸುತ್ತದೆ. ಬೇಡ ಎನ್ನುವುದಿಲ್ಲ. ಆದರೆ ಅದೊಂದರಿಂದಲೇ ಕಟ್ಟಿದ ಕೀಲು ಬಿಡುವುದಿಲ್ಲ. ಕೀಲು ಆಡಿಸಬೇಕು.

ಮನೆಯಲ್ಲಿ ಮಾಡುವ ವ್ಯಾಯಾಮ

ಮೊದಲು ಹದಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಕೀಲಿನ ಮೇಲೆ ಇಡಿ. ಸಕ್ಕರೆ ಬ್ಯಾನಿ ಇದ್ದವರು, ಸ್ಪರ್ಶ ಕಡಿಮೆ ಇದ್ದವರು ಬಿಸಿಯನ್ನು ಬೇರೆಯವರಿಂದ ಮುಟ್ಟಿಸಿ ನೋಡಿ.

1. ತೂಗುವುದು. ಒಳ್ಳೆಯ ಕೈಯನ್ನು ಕಟ್ಟೆಯ ಮೇಲೆ ಊರಿ, ಸ್ವಲ್ಪ ಬಗ್ಗಿ. ಬಿಗಿದ ಕೈಯನ್ನು ಜೋತು ಬಿಡಿ. ತೊಟ್ಟಿಲು ತೂಗಿದ ಹಾಗೆ ಹಿಂದೆ ಮುಂದೆ 10 ಸಲ, ಸುತ್ತಲೂ 10 ಸಲ.

2. ಗೋಡೆ ಹತ್ತುವುದು. ಗೋಡೆಯ ಎದುರು ನಿಲ್ಲಿ. ಬೆರಳುಗಳಿಂದ ಇರುವೆ ಹತ್ತಿದ ಹಾಗೆ ಮೇಲೆ ಹತ್ತಿಸಿ. ಹೋದಷ್ಟು ಹೋಗಲಿ. ಹತ್ತು ಎಣಿಸಿ, ಇಳಿಸಿ. 10 ಸಲ.

3. ಕೋಲು ತಳ್ಳುವುದು. ಎರಡೂ ಮೊಣಕೈ ಪಕ್ಕೆಗೆ ಒತ್ತಿ ಮಡಚಿ. ಎರಡೂ ಕೈಯಲ್ಲಿ ಒಂದು ಕೋಲು ಅಡ್ಡ ಹಿಡಿಯಿರಿ. ಒಳ್ಳೆಯ ಕೈಯಿಂದ ಬಿಗಿದ ಕೈಯನ್ನು ಮೆಲ್ಲಗೆ ಹೊರಗೆ ತಳ್ಳಿ. 10 ಸಲ.

4. ಬೆನ್ನು ಉಜ್ಜುವುದು. ಟವೆಲ್ಲನ್ನು ಬೆನ್ನ ಹಿಂದೆ ಹಾಕಿ. ಒಳ್ಳೆಯ ಕೈ ಮೇಲೆ, ಬಿಗಿದ ಕೈ ಕೆಳಗೆ. ಮೇಲಿನ ಕೈಯಿಂದ ಮೆಲ್ಲಗೆ ಎಳೆಯಿರಿ. 10 ಸಲ.

5. ಬೆರಳು. ಮುಷ್ಟಿ ಕಟ್ಟಿ, ಬಿಡಿಸಿ. ಹೆಬ್ಬೆರಳನ್ನು ಒಂದೊಂದು ಬೆರಳ ತುದಿಗೆ ಮುಟ್ಟಿಸಿ. ಎರಡೂ ಅಂಗೈ ಜೋಡಿಸಿ ಒತ್ತಿ. 10 ಸಲ.

ದಿನಕ್ಕೆ ಎರಡು ಮೂರು ಸಲ ಮಾಡಿ. ಒಂದೇ ದಿನಕ್ಕೆ ನೂರು ಮಾಡಿ ಮರುದಿನ ಬಿಡಬೇಡಿ. ಮಾಡುವಾಗ ಸ್ವಲ್ಪ ನೋವು ಇರುತ್ತದೆ. ಅರ್ಧ ತಾಸಿನಲ್ಲಿ ಇಳಿದರೆ ಸರಿ. ರಾತ್ರಿಯವರೆಗೂ ನೋವು ಉಳಿದರೆ ಮರುದಿನ ಕಡಿಮೆ ಮಾಡಿ. ಕೀಲು ಕೆಂಪಾಗಿ ಬಾತಿದ್ದರೆ, ಎಲುಬು ಮುರಿದಿದ್ದರೆ ಡಾಕ್ಟರನ್ನು ಕೇಳದೆ ಮಾಡಬೇಡಿ.

ವಾರಕ್ಕೆ ಒಂದು ಸಲ, ಬೆರಳು ಎಷ್ಟು ಮೇಲೆ ಹೋಯಿತೋ ಅಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು ಬರೆಯಿರಿ. ದಿನಾ ನೋಡಿದರೆ ಗುಣ ಕಾಣುವುದಿಲ್ಲ. ಎರಡು ತಿಂಗಳ ಗೆರೆ ನೋಡಿದರೆ ಕಾಣುತ್ತದೆ. ಕಾಣದಿದ್ದರೆ, ಅದನ್ನೇ ಡಾಕ್ಟರಿಗೆ ಹೇಳಿ.

ಕೆಲಸ ಮಾಡುವ ಬಗೆ

ಕೆಲಸ ಬಿಡಿ ಎಂದು ಹೇಳುವುದು ಸುಲಭ. ಬಿಟ್ಟರೆ ಒಲೆ ಉರಿಯುವುದಿಲ್ಲ. ಆದ್ದರಿಂದ ಬಗೆ ಬದಲಿಸೋಣ.

ದಿನಾ ಬಳಸುವ ಡಬ್ಬಿಗಳನ್ನು ಎದೆಯ ಮಟ್ಟಕ್ಕೆ ಇಡಿ. ತುಂಬಿದ ಕೊಡ ಒಂದರ ಬದಲು ಅರ್ಧ ಕೊಡ ಎರಡು ಸಲ ತನ್ನಿ. ದಪ್ಪ ಬಟ್ಟೆಯನ್ನು ಒಬ್ಬರೇ ಹಿಂಡಬೇಡಿ. ನಳಕ್ಕೆ ಸುತ್ತಿ ಹಿಂಡಿ, ಇಲ್ಲವೆ ಆಚೆ ತುದಿ ಇನ್ನೊಬ್ಬರು ಹಿಡಿಯಲಿ. ಐದು ರೊಟ್ಟಿ ಬಡಿದ ಮೇಲೆ ಕೈ ಬಿಡಿಸಿ, ಮಡಚಿ, ಒಂದು ಗಳಿಗೆ ತಡೆಯಿರಿ. ಕುಡುಗೋಲು ಮೊಂಡಾದರೆ ಕೈಗೆ ಎರಡರಷ್ಟು ಭಾರ, ಸಾಣೆ ಹಿಡಿಸಿ. ಕುಡುಗೋಲಿನ ಹಿಡಿ ಸಣ್ಣದಿದ್ದರೆ ಬಟ್ಟೆ ಸುತ್ತಿ ದಪ್ಪ ಮಾಡಿ.

ಬಿಗಿದ ಹೆಗಲಿನ ಮೇಲೆ ಮಲಗಬೇಡಿ. ತೋಳಿನ ಕೆಳಗೆ ಮಡಚಿದ ಕೌದಿ ಇಟ್ಟುಕೊಳ್ಳಿ.

ಮನೆಯ ಗಂಡಸರಿಗೂ ಹೇಳಿ. ನೀರು ತರುವ ಕೆಲಸ ಹೆಂಗಸರ ಕೈಗೇ ಬರೆದಿಲ್ಲ. ಈ ಹೊತ್ತಗೆಯನ್ನು ಅವರಿಗೆ ಓದಿ ಹೇಳಿ. ಓದುವವರು ನೀವು, ಕೇಳುವವರು ಅವರು.

ಎಲ್ಲಿಗೆ ಹೋಗಬೇಕು? ಯಾವಾಗ ಓಡಬೇಕು?

ಮೊದಲು ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. 30 ವರ್ಷ ದಾಟಿದವರಿಗೆ ಅಲ್ಲಿ ಸಕ್ಕರೆ, ಬಿ.ಪಿ. ಪುಕ್ಕಟೆ ನೋಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ತಾಲ್ಲೂಕು ಆಸ್ಪತ್ರೆ ಇವೆ. ಅಲ್ಲಿ ಆಗದ್ದಕ್ಕೆ ಕಲಬುರಗಿಯ ದೊಡ್ಡಾಸ್ಪತ್ರೆ. ಅದು ಜಿಮ್ಸ್ ಎಂಬ ಸರಕಾರಿ ವೈದ್ಯಕೀಯ ಕಾಲೇಜಿನದು. ಮನೆಯಲ್ಲಿ ಯಾರಿಗಾದರೂ ಇ.ಎಸ್.ಐ. ಕಾರ್ಡ್ ಇದ್ದರೆ ಕಲಬುರಗಿಯ ಇ.ಎಸ್.ಐ. ಆಸ್ಪತ್ರೆಯೂ ಇದೆ. 2023ರ ಜೂನ್ ತಿಂಗಳಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ. "ಬಸ್ ಚಾರ್ಜ್ ಯಾರ್ ಕೊಡ್ತಾರ" ಎಂದು ಮನೆಯಲ್ಲಿ ಕೂರಬೇಡಿ.

ಕೆಲವು ಸಲ ಕಾಯಬಾರದು. ಒಮ್ಮೆಲೇ ಒಂದು ಕೈ ಸೋತು ಬಿದ್ದರೆ, ಬಾಯಿ ಸೊಟ್ಟ ಆದರೆ, ಮಾತು ತೊದಲಿದರೆ, ಅದು ಲಕ್ವ. ನಾಲ್ಕೂವರೆ ತಾಸಿನೊಳಗೆ ದೊಡ್ಡ ಆಸ್ಪತ್ರೆ ಮುಟ್ಟಿದರೆ ಕೊಡುವ ಮದ್ದು ಇದೆ. ಪಾರಿವಾಳದ ರಕ್ತ, ಗಿಡಮೂಲಿಕೆ ಎಂದು ಹೊತ್ತು ಕಳೆಯಬೇಡಿ. ಎದೆ ಹಿಂಡಿ, ಬೆವರು ಬಂದು, ಎಡಗೈ ನೋವಾದರೆ ಅದು ಹೃದಯದ್ದು ಇರಬಹುದು. ಒಂದು ಕೀಲು ಕೆಂಪಾಗಿ ಬಾತು, ಚಳಿಜ್ವರ ಬಂದರೆ ಕೀಲಿನಲ್ಲಿ ಕೀವು ಇರಬಹುದು. ಈ ಮೂರಕ್ಕೂ 108ಕ್ಕೆ ಫೋನ್ ಮಾಡಿ.

ಅಕ್ಕ ತಂಗಿಯರೆ, ಕಲಿಕೆಯ ಕೇಂದ್ರಕ್ಕೆ ಬರುವ ಕೆಲವರು ನಡುವೆ ಬಿಟ್ಟುಬಿಡುತ್ತಾರೆ. ಕೇಳಿದರೆ "ಬೆರಳಾಗ ಪೆನ್ಸಿಲ್ ನಿಲ್ಲಲ್ಲ, ನಂಗ ಬರಂಗಿಲ್ಲ ಬಿಡ್ರಿ" ಎನ್ನುತ್ತಾರೆ. ಬುದ್ಧಿಗೆ ಬರುತ್ತದೆ, ಬೆರಳು ಬಿಗಿದಿದೆ, ಅಷ್ಟೇ. ಅಂಥವರು ಕೇಂದ್ರ ಬಿಡಬೇಡಿ. ಪೆನ್ಸಿಲ್ಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಹಿಡಿಯಿರಿ. ಬರೆಯುವ ಮೊದಲು ಹತ್ತು ಸಲ ಮುಷ್ಟಿ ಕಟ್ಟಿ ಬಿಡಿಸಿ. ಅಕ್ಷರ ಸೊಟ್ಟ ಬಂದರೆ ಬರಲಿ. ಮತ್ತೆ, ಈ ವಾರವೇ ಆ ಬೆರಳನ್ನು ದವಾಖಾನೆಗೆ ತೋರಿಸಿ.

ಓದಿ, ಮಾತಾಡಿಕೊಳ್ಳಿ

1. ನಿಮ್ಮ ಓಣಿಯಲ್ಲಿ ಕೈ ಮೇಲೆ ಎತ್ತಲು ಆಗದವರು ಎಷ್ಟು ಮಂದಿ? ಅವರು ರಕ್ತದ ಸಕ್ಕರೆ ನೋಡಿಸಿದ್ದಾರೆಯೇ?

2. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕಾದ ಗುಳಿಗೆಯ ಹೆಸರೇನು?

3. ನಿಮ್ಮ ಊರಿನ ಕುಡಿಯುವ ನೀರನ್ನು ಯಾವಾಗ ಪರೀಕ್ಷೆ ಮಾಡಿದ್ದಾರೆ? ಪಂಚಾಯತಿಯಲ್ಲಿ ಕೇಳಿ ಬರೆದುಕೊಳ್ಳಿ.

4. ಗೋಡೆಯ ಮೇಲೆ ಇವತ್ತಿನ ಗೆರೆ ಎಳೆದು ತಾರೀಖು ಹಾಕಿ.